ಹೊಗೆಯಿಲ್ಲದ ಬಸ್ಸು

ಊರಿನಲ್ಲಿರುವ ಬಂಧುಗಳು ದಿಲ್ಲಿಯ ನಮ್ಮ ಯೋಗಕ್ಷೇಮವನ್ನು ವಿಚಾರಿಸುವ ರೀತಿ ಈಚೆಗೆ ಬದಲಾಗಿದೆ. ಮೊದಲು ಕಾರ್ತಿಕ ಮಾಸ ಕಾಲಿಟ್ಟಿತೆಂದರೆ “ಥಂಡಿ ಹೆಂಗದ?” ಎಂದು ಕೇಳುತ್ತಿದ್ದರು. ಈಗ ಫೋನು ಎತ್ತಿದೊಡನೆ “ಹೊಗಿ ಹೆಂಗದ?” ಎಂಬುದೇ ಮೊದಲ ಮಾತು. ಧಾರವಾಡದ ನಮ್ಮ ಸೋದರಮಾವನವರಂತೂ ನಮ್ಮ ಬಡಾವಣೆಯ ಗಾಳಿಯ ಅಂಕಿಯನ್ನು ತಮ್ಮ ಮೊಬೈಲಿನಲ್ಲಿ ನೋಡಿಕೊಂಡು ನಮಗಿಂತ ಮೊದಲೇ ನಮಗೆ ತಿಳಿಸುತ್ತಾರೆ. “ಇವತ್ತ ನಾನೂರು ದಾಟೇದ, ಹುಡುಗರನ್ನ ಹೊರಗ ಬಿಡಬ್ಯಾಡ್ರಿ” ಎಂದು ಅವರು ಅಲ್ಲಿಂದ ಅಪ್ಪಣೆ ಕೊಡಿಸುವುದೂ, “ಆಗಲಿ ಮಾಮಾ” ಎಂದು ಇಲ್ಲಿ ಒಪ್ಪಿಕೊಂಡು, ಊಟದ ಡಬ್ಬಿ ಹಿಡಿದು ನಾವು ಬಸ್‌ಸ್ಟಾಪಿಗೆ ಹೊರಡುವುದೂ ಚಳಿಗಾಲದ ನಿತ್ಯಕರ್ಮವಾಗಿದೆ.

ಇಂಥ ಊರಿನಲ್ಲಿ ಕುಳಿತು, “ಇದೇ ದಿಲ್ಲಿ ಹಿಂದೊಮ್ಮೆ ಹೊಗೆಯೊಡನೆ ಹೋರಾಡಿ ಗೆದ್ದಿತ್ತು” ಎಂದರೆ ಹೊಸದಾಗಿ ವರ್ಗವಾಗಿ ಬಂದ ಕನ್ನಡಿಗರು ನಂಬುವುದಿಲ್ಲ. ನಮ್ಮ ಮುಖ ನೋಡಿ ನಗುತ್ತಾರೆ. ಆದರೆ ಮಾತು ಸುಳ್ಳಲ್ಲ. ಆ ಹೋರಾಟದಲ್ಲಿ ಬಳಸಿದ ಆಯುಧವೇ ಒತ್ತಿ ತುಂಬಿದ ನೈಸರ್ಗಿಕ ಅನಿಲ, ಎಲ್ಲರ ಬಾಯಲ್ಲಿ ಓಡಾಡುವ ಸಿ.ಎನ್.ಜಿ. ನಾವು ವಿಜ್ಞಾನಿಗಳಲ್ಲ, ಬಿ.ಎ. ಮುಗಿಸಿ, ಸರ್ಕಾರಿ ಕಛೇರಿಯೊಂದರಲ್ಲಿ ಕಡತಗಳಿಗೆ ಟಿಪ್ಪಣಿ ಬರೆಯುವ ಗುಮಾಸ್ತರು. ಆದರೂ ತೀರ್ಥರೂಪರ ಕಾಲದಿಂದ ನಮ್ಮದು ಬಸ್ಸಿನಲ್ಲಿಯೇ ಕಛೇರಿಗೆ ಹೋಗಿಬಂದ ಮನೆತನ. ಆ ಅಧಿಕಾರದಿಂದ ನಾಲ್ಕು ಮಾತು ಹೇಳಲು ಹೊರಟಿದ್ದೇವೆ.

ತೊಂಬತ್ತರ ದಶಕದ ದಿಲ್ಲಿಯನ್ನು ಕಂಡವರಿಗೆ ಡೀಸೆಲ್ ಬಸ್ಸಿನ ಹೊಗೆಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬಸ್ಸು ಸ್ಟಾಪು ಬಿಟ್ಟು ಹೊರಟಿತೆಂದರೆ ಹಿಂದೆ ನಿಂತವರಿಗೆ ಬಸ್ಸೂ ಕಾಣುತ್ತಿರಲಿಲ್ಲ, ಬೀದಿಯೂ ಕಾಣುತ್ತಿರಲಿಲ್ಲ. ಅಪ್ಪನವರು ಬೆಳಿಗ್ಗೆ ಬಿಳಿಯ ಅಂಗಿ ತೊಟ್ಟು ರಾಮಕೃಷ್ಣಪುರದ ಕ್ವಾರ್ಟರ್ಸಿನಿಂದ ಹೊರಟರೆ ಸಂಜೆ ಬೂದುಬಣ್ಣದ ಅಂಗಿಯಲ್ಲಿ ಮನೆಗೆ ಬರುತ್ತಿದ್ದರು. ಅವ್ವ ಆ ಕಾಲರನ್ನು ಕಲ್ಲಿನ ಮೇಲೆ ತಿಕ್ಕುತ್ತ, “ಇಷ್ಟು ಮಸಿ ಅಂಗಿ ಮ್ಯಾಲ ಕೂತದ ಅಂದ್ರ ಒಳಗ ಎಷ್ಟು ಕೂತಿರಬೇಕು!” ಎನ್ನುತ್ತಿದ್ದಳು. ವೈದ್ಯಶಾಸ್ತ್ರದ ಪುಸ್ತಕ ತೆರೆಯದ ಅವ್ವನ ಆ ಮಾತು, ದೊಡ್ಡ ದೊಡ್ಡ ವರದಿಗಳು ಹೇಳಿದ ಮಾತೇ ಆಗಿತ್ತು.

ಈ ಸಂಗತಿಯನ್ನು ವಕೀಲರಾದ ಎಂ.ಸಿ. ಮೆಹತಾ ಅವರು 1985ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಟ್ಟಿದ್ದರು. ನ್ಯಾಯದ ಗಾಡಿ ಮೆಲ್ಲಗೆ ಸಾಗಿತು. 1998ರ ಜನವರಿಯಲ್ಲಿ ಭೂರೇಲಾಲ್ ಅವರ ನೇತೃತ್ವದಲ್ಲಿ ಪರಿಸರದ ಪ್ರಾಧಿಕಾರವೊಂದು ರಚಿತವಾಯಿತು. ಅದರ ಸಲಹೆಗಳನ್ನು ಕೈಗೆತ್ತಿಕೊಂಡು, ಅದೇ ವರ್ಷದ ಜುಲೈ 28ರಂದು ನ್ಯಾಯಾಲಯ ಆಜ್ಞೆ ಮಾಡಿತು. ದಿಲ್ಲಿಯ ನಗರ ಸಂಚಾರದ ಬಸ್ಸುಗಳೆಲ್ಲವೂ 2001ರ ಮಾರ್ಚ್ 31ರೊಳಗಾಗಿ ಸಿ.ಎನ್.ಜಿ.ಗೆ ಬದಲಾಗಬೇಕು, ಹಳೆಯ ಆಟೋರಿಕ್ಷಾ, ಟ್ಯಾಕ್ಸಿಗಳು ಹೋಗಿ ಶುದ್ಧ ಇಂಧನದ ಹೊಸವು ಬರಬೇಕು, ಆಗ ಇದ್ದ 9 ಅನಿಲ ಕೇಂದ್ರಗಳು 80 ಆಗಬೇಕು. ಇನ್ನೊಂದು ಮಾತೂ ಅದರಲ್ಲಿತ್ತು: 2001ರ ಏಪ್ರಿಲ್ 1ರ ಹೊತ್ತಿಗೆ ನಗರದಲ್ಲಿ 10,000 ಬಸ್ಸುಗಳಿರಬೇಕು. ಓದುಗರು ಈ ಕೊನೆಯ ಅಂಕಿಯನ್ನು ದಯವಿಟ್ಟು ನೆನಪಿನಲ್ಲಿಡಬೇಕು; ನಮ್ಮ ಮಾತೆಲ್ಲ ಮುಂದೆ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಈ ಅನಿಲವೆಂದರೇನು? ಅಡಿಗೆಮನೆಯಲ್ಲಿ ನಾವು ಉರುಳಿಸಿಕೊಂಡು ಹೋಗುವ ಕೆಂಪು ಸಿಲಿಂಡರಿನ ಅನಿಲವಲ್ಲ. ಅದು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಇದು ಬಹುಪಾಲು ಮೀಥೇನ್. ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೆ ಹೋಗಿಬಿಡುತ್ತದೆ. ಮುಂಬಯಿಯ ಆಚೆ ಅರಬೀ ಸಮುದ್ರದ ತಳದಿಂದ ಎತ್ತಿದ ಅನಿಲ ಗುಜರಾತದ ಹಜೀರಾಕ್ಕೆ ಬಂದು, ಅಲ್ಲಿಂದ ನೆಲದೊಳಗಿನ ಉದ್ದನೆಯ ಕೊಳವೆಯಲ್ಲಿ ಉತ್ತರಕ್ಕೆ ಹರಿಯಿತು. ಮುಂಬಯಿಯ ಬಂಧುಗಳು ತಮ್ಮ ಸಮುದ್ರದ ಸೊತ್ತನ್ನು ನಾವು ಉರಿಸಿದೆವೆಂದು ಆಕ್ಷೇಪಿಸಬಾರದು. ಅವರ ಟ್ಯಾಕ್ಸಿಗಳೂ ಇದನ್ನೇ ಕುಡಿದು ಓಡುತ್ತವೆ. ಈಗಂತೂ ದೇಶಕ್ಕೆ ಬೇಕಾದ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧದಷ್ಟು, ದ್ರವರೂಪದಲ್ಲಿ ಹಡಗನ್ನೇರಿ ಹೊರದೇಶಗಳಿಂದ ಬರುತ್ತದೆ.

ಅನಿಲ ಹಗುರವಾದ್ದರಿಂದ ಹಾಗೆಯೇ ತುಂಬಿದರೆ ಬಸ್ಸು ನಾಲ್ಕು ಹೆಜ್ಜೆ ಹೋಗಲಾರದು. ಆದ್ದರಿಂದ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಿ ಗಟ್ಟಿಮುಟ್ಟಾದ ಸಿಲಿಂಡರಿಗೆ ತುಂಬುತ್ತಾರೆ. ಉರಿದಾಗ ಮಸಿ ಬಹಳ ಕಡಮೆ, ಗಂಧಕವೂ ಇಲ್ಲವೆನ್ನುವಷ್ಟು ಅತ್ಯಲ್ಪ. ಇದಕ್ಕಿಂತ ದೊಡ್ಡ ಗುಣವೊಂದುಂಟು: ಇದಕ್ಕೆ ಕಲಬೆರಕೆ ಮಾಡುವುದು ಸುಲಭವಲ್ಲ. ಡೀಸೆಲಿಗೆ ರೇಷನ್ನಿನ ಸೀಮೆಎಣ್ಣೆ ಬೆರೆಸುವ ವಿದ್ಯೆಯಲ್ಲಿ ನಮ್ಮ ದೇಶ ಆ ಕಾಲಕ್ಕೆ ಪಾರಂಗತವಾಗಿತ್ತು. ಗಂಧಕ ಕಡಮೆಯಿರುವ ಒಳ್ಳೆಯ ಡೀಸೆಲೇ ಸಾಕು ಎಂದು ವಾದಿಸಿದ ದೊಡ್ಡವರೂ ಇದ್ದರು. ಆದರೆ ಒಳ್ಳೆಯ ಡೀಸೆಲು ತೈಲಾಗಾರದಿಂದ ಹೊರಟು ಬಸ್ಸಿನ ಟ್ಯಾಂಕು ಸೇರುವ ತನಕ ಒಳ್ಳೆಯದಾಗಿಯೇ ಉಳಿದೀತೆ ಎಂಬ ಪ್ರಶ್ನೆಗೆ ಧೈರ್ಯವಾಗಿ ಉತ್ತರ ಕೊಡುವುದು ಕಷ್ಟವಾಗಿತ್ತು.

ಆಜ್ಞೆಯಾಗಿ ಎರಡೂಮುಕ್ಕಾಲು ವರ್ಷಕ್ಕೆ ಬಂತು 2001ರ ಏಪ್ರಿಲ್. ಎಲ್ಲರೂ ಎಲ್ಲವನ್ನೂ ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದರು. ಬಸ್ಸು ಕೊಳ್ಳಬೇಕಾದವರು “ಅನಿಲವೆಲ್ಲಿ?” ಎಂದರು, ಅನಿಲ ಕೊಡಬೇಕಾದವರು “ಬಸ್ಸುಗಳೆಲ್ಲಿ?” ಎಂದರು. ಬಸ್ಸುಗಳಿಗೆ ಆರ್ಡರು ಕೊಟ್ಟವರಿಗೆ ನ್ಯಾಯಾಲಯ ಸೆಪ್ಟೆಂಬರ್ 30ರ ತನಕ ಗಡುವು ಮುಂದಕ್ಕೆ ಹಾಕಿಕೊಟ್ಟಿತಾದರೂ, ಏಪ್ರಿಲ್ ತಿಂಗಳ ಮೊದಲ ಸೋಮವಾರ ಸಾವಿರಾರು ಬಸ್ಸುಗಳು ಬೀದಿಗೆ ಇಳಿಯಲಿಲ್ಲ. ಸ್ಟಾಪುಗಳಲ್ಲಿ ಜನ ಜಾತ್ರೆಯಂತೆ ನೆರೆದರು. ಬಂದ ಒಂದೊಂದು ಬಸ್ಸಿನ ಬಾಗಿಲಿಗೂ ಜೇನುಹುಳುಗಳಂತೆ ಜೋತುಬಿದ್ದರು. ಕೆಲವೆಡೆ ಸಿಟ್ಟು ಬೀದಿಗೆ ಬಂತು.

ಆಗ ನಾವು ಐದನೆಯ ತರಗತಿಯ ಹುಡುಗರು, ತಂಗಿ ಎರಡನೆಯದು. ಶಾಲೆಯ ಬಸ್ಸು ಬಾರದೆ ನಮಗೆ ರಜೆ. ನಮ್ಮ ಪಾಲಿಗೆ ಅದು ಹಬ್ಬ. ಅಪ್ಪನವರಿಗೆ ರಜೆಯಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಅವಲಕ್ಕಿ ತಿಂದು, ತಲೆಗೆ ಒದ್ದೆ ಟವೆಲು ಸುತ್ತಿಕೊಂಡು, ಬೂಟನ್ನು ಚೀಲದಲ್ಲಿ ಹಾಕಿಕೊಂಡು ಚಪ್ಪಲಿಯಲ್ಲಿ ಸೆಕ್ರೆಟೇರಿಯೆಟ್ಟಿನ ಕಡೆಗೆ ನಡೆದುಬಿಟ್ಟರು. ಎರಡು ತಾಸಿನ ದಾರಿ. ಸಂಜೆ ಮತ್ತೆ ಎರಡು ತಾಸು. ಮೂರು ದಿನ ಹೀಗೆ ನಡೆದು, ನಾಲ್ಕನೆಯ ದಿನ ಯಾರದೋ ಸ್ಕೂಟರಿನ ಹಿಂದಿನ ಸೀಟು ಸಿಕ್ಕಿತು. “ಇಷ್ಟೆಲ್ಲಾ ಯಾಕ ಬೇಕಿತ್ತು? ಮೊದಲಿನ ಬಸ್ಸs ಛಲೋ ಇದ್ವು” ಎಂದು ಅವ್ವ ಬಿಸಿನೀರಿನಲ್ಲಿ ಅವರ ಕಾಲು ತೊಳೆಯುತ್ತ ಗೊಣಗಿದಳು. ಅಪ್ಪ, “ಹಂಗ ಅನಬ್ಯಾಡ. ನಿನ್ನ ಮಕ್ಕಳು ಕೆಮ್ಮಬಾರದು ಅಂತ ಯಾರೋ ಒಬ್ಬಾಂವ ನಡೀಬೇಕಾಗೇದ. ಈ ಸಲ ಪಾಳಿ ನಂದು” ಎಂದರು. ಆ ವಯಸ್ಸಿನಲ್ಲಿ ನಮಗದು ಅರ್ಥವಾಗಲಿಲ್ಲ. ಅವರ ಹಿಮ್ಮಡಿಯ ಬೊಕ್ಕೆಗಳು ಮಾತ್ರ ಕಂಡವು.

ಬಸ್ಸಿನವರ ಪಾಡು ಹೀಗಾದರೆ ಆಟೋದವರ ಪಾಡು ಇನ್ನೊಂದು ಬಗೆ. ಅನಿಲ ಕೇಂದ್ರಗಳಲ್ಲಿ ಎರಡು ಬಗೆ. ಕೊಳವೆಯಲ್ಲಿ ನೇರವಾಗಿ ಅನಿಲ ಬರುವಂಥವು ಕೆಲವು. ಇನ್ನು ಕೆಲವಕ್ಕೆ ಲಾರಿಯ ಮೇಲೆ ಸಿಲಿಂಡರುಗಳ ಸಾಲನ್ನೇ ತಂದಿಳಿಸಬೇಕು. ಎರಡು ಕೊಡಗಳ ತಳಕ್ಕೆ ಕೊಳವೆ ಜೋಡಿಸಿದರೆ ನೀರು ಎರಡರಲ್ಲೂ ಸಮವಾಗಿ ನಿಲ್ಲುವುದಷ್ಟೆ? ಹಾಗೆಯೇ ಲಾರಿಯ ಸಿಲಿಂಡರಿನ ಒತ್ತಡ ಇಳಿದಂತೆಲ್ಲ ಆಟೋಕ್ಕೆ ಅನಿಲ ನಿಧಾನವಾಗಿ, ಅರೆಬರೆಯಾಗಿ ತುಂಬುತ್ತದೆ. ಮೊದಲ ಹತ್ತು ಜನರಿಗೆ ಹೊಟ್ಟೆತುಂಬ ಊಟ, ಕಡೆಯ ಹತ್ತು ಜನರಿಗೆ ಬರಿಯ ಸಾರು. ಆ ವರ್ಷಗಳಲ್ಲಿ ಹಸಿರು–ಹಳದಿ ಬಳಿದುಕೊಂಡ ಹೊಸ ಆಟೋಗಳ ಸಾಲು ಕೇಂದ್ರದಿಂದ ಹೊರಟು ಮುಖ್ಯರಸ್ತೆಯನ್ನು ತುಂಬಿ ಅಡ್ಡರಸ್ತೆಗೆ ತಿರುಗುತ್ತಿದ್ದುದನ್ನು ನಾವು ಕಂಡಿದ್ದೇವೆ.

ಅನಿಲ ತುಂಬುವಾಗ ಪ್ರಯಾಣಿಕರು ಕೆಳಗಿಳಿದು ದೂರ ನಿಲ್ಲಬೇಕೆಂಬ ನಿಯಮ ಈಗಲೂ ಇದೆ. ಈಚೆಗೆ ಅಪ್ಪನವರನ್ನು ಆಸ್ಪತ್ರೆಯಿಂದ ಕರೆತರುತ್ತಿದ್ದಾಗ ಹಾಗೆ ಇಳಿದು ನಿಂತಿದ್ದೆವು. ಆಟೋದವನು ಬಿಹಾರದ ಹಿರಿಯ. “ಬಾಬೂಜಿ, ಈಗ ಇದೇನು ಸಾಲು? ಆಗ ನಾನು ರಾತ್ರಿ ಇಲ್ಲೇ ಸೀಟಿನಲ್ಲಿ ಮಲಗುತ್ತಿದ್ದೆ. ಮುಂದಿನ ಗಾಡಿ ಸರಿದರೆ ಹಿಂದಿನವನು ತಟ್ಟಿ ಎಬ್ಬಿಸುತ್ತಿದ್ದ. ಎರಡು ಹೊತ್ತಿನ ಸಂಪಾದನೆ ಸಾಲಿನಲ್ಲೇ ಹೋಗುತ್ತಿತ್ತು,” ಎಂದ. ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, “ಭೈಯಾ, ಆಗ ನಾನೂ ನಡೆಯುತ್ತಿದ್ದೆ” ಎಂದರು. ಇಬ್ಬರೂ ಒಂದೇ ಪಟಾಲಮ್ಮಿನ ನಿವೃತ್ತ ಸಿಪಾಯಿಗಳಂತೆ ನಕ್ಕರು.

ಮುಂದಿನ ಕಥೆ ಬೇಗ ಹೇಳಬಹುದು. 2002ರ ಏಪ್ರಿಲ್ 5ರಂದು ನ್ಯಾಯಾಲಯ ಕೊನೆಯ ಬಾರಿಗೆ ಕಿವಿ ಹಿಂಡಿತು. ಓಡುತ್ತಿರುವ ಪ್ರತಿಯೊಂದು ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿ, ಮೂವತ್ತು ದಿನ ಕಳೆದರೆ ದಿನಕ್ಕೆ 1,000 ರೂಪಾಯಿ ತೆರಬೇಕು. ಮೇ 1ರಿಂದ ತಿಂಗಳಿಗೆ 800 ಡೀಸೆಲ್ ಬಸ್ಸುಗಳು ಬೀದಿಯಿಂದ ಸರಿಯಬೇಕು ಎಂದಿತು. ಜುಲ್ಮಾನೆಯ ಭಾಷೆ ಎಲ್ಲರಿಗೂ ತಿಳಿಯುವ ಭಾಷೆ. 2002ರ ಡಿಸೆಂಬರ್ 1ರ ಹೊತ್ತಿಗೆ ದಿಲ್ಲಿಯ ನಗರ ಸಂಚಾರದಲ್ಲಿ ಡೀಸೆಲ್ ಬಸ್ಸು ಉಳಿಯಲಿಲ್ಲ. ಈ ಕಾರ್ಯಕ್ಕಾಗಿ ಹಗಲಿರುಳು ಬರೆದು ವಾದಿಸಿದ ಅನಿಲ್ ಅಗರ್‌ವಾಲ್ ಅವರು ಅದನ್ನು ನೋಡಲಿಲ್ಲ. ಕ್ಯಾನ್ಸರಿನಿಂದ ನರಳಿ ಆ ವರ್ಷದ ಜನವರಿ 2ರಂದೇ ತೀರಿಕೊಂಡಿದ್ದರು. ಅದೇ ಡಿಸೆಂಬರ್ 24ರಂದು ಮೊದಲ ಮೆಟ್ರೊ ರೈಲೂ ಹೊರಟಿತು.

ಹೊಗೆ ಹೋಯಿತೆ? ಹೋಯಿತು. ಬಸ್ಸಿನ ಹಿಂದೆ ನಿಂತರೆ ಬೀದಿ ಕಾಣತೊಡಗಿತು. ಅಪ್ಪನವರ ಕಾಲರಿಗೆ ಒಂದೇ ತಿಕ್ಕು ಸಾಕಾಯಿತು. ಮರುವರ್ಷಗಳ ಚಳಿಗಾಲದಲ್ಲಿ ಅವ್ವ ಹಪ್ಪಳವನ್ನು ಮಾಳಿಗೆಯ ಮೇಲೆ ಧೈರ್ಯವಾಗಿ ಒಣಹಾಕಿದಳು. ಅದು ನಮ್ಮ ಮನೆಯ ವಾಯುಮಾಪಕ. 2010ರ ಕಾಮನ್‌ವೆಲ್ತ್ ಕ್ರೀಡೆಗಳ ಹೊತ್ತಿಗೆ ಕೆಂಪು–ಹಸಿರು ಬಣ್ಣದ, ತಗ್ಗಿನ ನೆಲದ ಹೊಸ ಬಸ್ಸುಗಳು ಬಂದವು. ಮುದುಕರು ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು. ಹಲವು ಬಸ್ಸುಗಳ ಮೇಲೆ ಟಾಟಾ ಮಾರ್ಕೊಪೋಲೊ ಎಂಬ ಹೆಸರು. ಆ ಕಂಪನಿಯ ದೊಡ್ಡ ಕಾರ್ಖಾನೆ ಇರುವುದು ನಮ್ಮ ಧಾರವಾಡದಲ್ಲಿ. ಅದನ್ನು ತಿಳಿದ ದಿನದಿಂದ ಅಪ್ಪ ಆ ಬಸ್ಸು ಬಂದರೆ ಮಾತ್ರ, “ನಮ್ಮೂರಾಂವ ಬಂದ, ಹತ್ತ್ರಿ” ಎನ್ನುತ್ತಿದ್ದರು. ಪೇಢೆಯ ನಂತರ ಧಾರವಾಡಕ್ಕೆ ಇಷ್ಟು ಗೌರವ ಅವರಿಂದ ಸಂದದ್ದು ಇದೊಂದಕ್ಕೇ.

ಹಾಗಾದರೆ ಮಾಮನ ಮೊಬೈಲಿನಲ್ಲಿ ನಾನೂರೆಂಬ ಅಂಕಿ ಏಕೆ ಬರುತ್ತದೆ? ಕಾರಣಗಳು ಅನೇಕ. ಗದ್ದೆಗಳಲ್ಲಿ ಸುಡುವ ಪೈರಿನ ಕೂಳೆ, ಕಟ್ಟಡಗಳ ಧೂಳು, ಕಾರ್ಖಾನೆಗಳು, ಲಾರಿಗಳು, ಕಸಕ್ಕೆ ಹಚ್ಚಿದ ಬೆಂಕಿ, ಚಳಿಗಾಲದಲ್ಲಿ ಅಲುಗಾಡದೆ ಕುಳಿತುಬಿಡುವ ಗಾಳಿ ಎಲ್ಲವೂ ಸೇರಿ ಆಗುವ ಕೆಲಸವಿದು. ಎಲ್ಲವನ್ನೂ ಒಂದೇ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಬೀದಿಯ ಪಾಲನ್ನಾದರೂ ವಿಚಾರಿಸಿದರೆ, 1998ರ ಆಜ್ಞೆಯ ಆ ಎರಡು ಮಾತುಗಳ ಬಳಿಗೆ ಹೋಗಬೇಕಾಗುತ್ತದೆ. ಬಸ್ಸುಗಳ ಇಂಧನ ಬದಲಾಗಲಿ ಎಂಬುದು ಒಂದು. ಬಸ್ಸುಗಳ ಸಂಖ್ಯೆ ಬೆಳೆಯಲಿ ಎಂಬುದು ಇನ್ನೊಂದು. ಮೊದಲನೆಯದು ನಡೆಯಿತು, ಜಗತ್ತೆಲ್ಲ ಹೊಗಳಿತು. ಎರಡನೆಯದನ್ನು ಎಲ್ಲರೂ ಮರೆತರು. ಈಚಿನ ವರ್ಷಗಳಲ್ಲಿಯೂ ದಿಲ್ಲಿ ಸಾರಿಗೆ ನಿಗಮದ ಬಸ್ಸುಗಳಿಗೆ ಕ್ಲಸ್ಟರ್ ಬಸ್ಸುಗಳನ್ನು ಕೂಡಿಸಿದರೆ ಆ ಹತ್ತು ಸಾವಿರ ತುಂಬಿಲ್ಲ. ಅತ್ತ ನಗರದಲ್ಲಿ ನೋಂದಾಯಿತವಾದ ವಾಹನಗಳ ಲೆಕ್ಕ 2018ರ ಹೊತ್ತಿಗೆ ಒಂದು ಕೋಟಿಯನ್ನು ದಾಟಿತ್ತು. ಬಸ್ಸಿಗಾಗಿ ಕಾದು ಬೇಸತ್ತವರು ಒಬ್ಬೊಬ್ಬರಾಗಿ ಸ್ಟಾಪು ಬಿಟ್ಟು ಹೋದರು: ಮೊದಲು ಸ್ಕೂಟರಿಗೆ, ಆಮೇಲೆ ಕಾರಿಗೆ.

ಈ ಪ್ರಶ್ನೆ ಕಳೆದ ದೀಪಾವಳಿಯಲ್ಲಿ ನಮ್ಮ ಮನೆಯೊಳಕ್ಕೇ ಬಂತು. ಅಪ್ಪನವರಿಗೆ ಈಗ ಎಪ್ಪತ್ತು. ಮೂರು ಚಳಿಗಾಲಗಳಿಂದ ಉಬ್ಬಸ. ನವೆಂಬರಿನಿಂದ ಜನವರಿಯವರೆಗೆ ದಿಲ್ಲಿಯಲ್ಲಿ ಇರಿಸಬೇಡಿರೆಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಆದ್ದರಿಂದ ಬಲಿಪಾಡ್ಯಮಿ ಮುಗಿದೊಡನೆ ಅವ್ವ–ಅಪ್ಪನನ್ನು ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಕೂಡಿಸಿ ಬೆಳಗಾವಿಯವರೆಗೆ ಕಳಿಸುವುದು. ಮಾಮ ಅಲ್ಲಿಗೆ ಬಂದು ಧಾರವಾಡಕ್ಕೆ ಕರೆದೊಯ್ಯುವುದು. ನಲವತ್ತು ವರ್ಷ ಈ ನಗರಕ್ಕೆ ದುಡಿದವರು ವರ್ಷದಲ್ಲಿ ಮೂರು ತಿಂಗಳು ಗಾಳಿಗಾಗಿ ಗಡೀಪಾರು. ಮೊಮ್ಮಗಳು ಪ್ಲಾಟ್‌ಫಾರ್ಮಿನಲ್ಲಿ ಅಜ್ಜನ ಕೈ ಬಿಡುವುದಿಲ್ಲ. “ಅಜ್ಜಾ, ಗಾಳಿ ಛಲೋ ಆದ ಮ್ಯಾಲೆ ಬರತೀ?” ಎಂದು ಕೇಳುತ್ತಾಳೆ. ಏನೆಂದು ಉತ್ತರ ಕೊಡುವುದು?

ಅವರಿದ್ದಾಗ ಆಸ್ಪತ್ರೆಗೆ ಒಯ್ಯಲು ಅನುಕೂಲವಾಗಲೆಂದು ಕಾರು ಕೊಳ್ಳುವ ಮಾತು ಬಂತು. ಮನೆಯವಳು ಲೆಕ್ಕದ ಪುಸ್ತಕ ತೆಗೆದಳು. ನಾವು ಸಾಲದ ಕಂತನ್ನು ಬರೆದು ತೋರಿಸಿದೆವು. ಭಾವನವರು, “ಸಿ.ಎನ್.ಜಿ. ಕಾರೇ ತಗೋರಿ, ಹೊಗಿ ಪಾಪನೂ ಇಲ್ಲ, ಖರ್ಚೂ ಕಡಿಮಿ” ಎಂದು ಸಲಹೆ ಕೊಟ್ಟರು. ಮಾತು ಸರಿಯಾಗಿಯೇ ಕಂಡಿತು. ಅಪ್ಪ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿ, ಕೊನೆಗೆ ಮೆಲ್ಲಗೆ ಹೇಳಿದರು:

“ನನ್ನ ಸಲುವಾಗಿ ಕಾರು ತಗೋತೀರಿ. ತಿಂಗಳದಾಗ ಎರಡು ಸರತೆ ನನ್ನ ದವಾಖಾನಿಗೆ ಒಯ್ತೀರಿ. ಉಳದ ಇಪ್ಪತ್ತೆಂಟು ದಿವಸ ಅದು ಯಾರ ಸಲುವಾಗಿ ಓಡತದ? ಅದು ಬಿಡೂ ಗಾಳೀನೂ ನಾನs ಕುಡೀಬೇಕಲ್ಲ?”

ನಮ್ಮ ಲೆಕ್ಕದ ಪುಸ್ತಕ ಅಲ್ಲಿಗೇ ಮುಚ್ಚಿತು. ಆ ರಾತ್ರಿ ನಾವು ಬೇರೊಂದು ಲೆಕ್ಕ ಹಾಕಿದೆವು. ಒಂದು ಬಸ್ಸಿನಲ್ಲಿ ಕುಳಿತವರು, ನಿಂತವರು ಸೇರಿ ಅರವತ್ತು ಜನರೆಂದಿಟ್ಟುಕೊಳ್ಳಿ. ಅವರೆಲ್ಲರೂ ಒಂದೊಂದು ಕಾರು ತಂದರೆ, ಕಾರಿಗೆ ನಾಲ್ಕು ಮೀಟರು ಹಿಡಿದರೂ, ಒಂದಕ್ಕೊಂದು ತಾಗಿಸಿ ನಿಲ್ಲಿಸಿದ ಸಾಲೇ 240 ಮೀಟರು ಆಯಿತು. ಓಡುವಾಗ ನಡುವೆ ಬಿಡುವ ಜಾಗ ಬೇರೆ. ಆ ಸಾಲು ದೀಪದ ಕಂಬದ ಬಳಿ ನಿಂತು ಇಂಜಿನ್ನು ಗುರುಗುಟ್ಟಿಸುತ್ತದೆ. ಅನಿಲವೇ ಆದರೂ ಉರಿದ ಮೇಲೆ ಸಾರಜನಕದ ಆಕ್ಸೈಡುಗಳು ಬರದೆ ಇರುವುದಿಲ್ಲ. ಟೈರು ತೇಯದೆ, ಧೂಳು ಏಳದೆ ಇರುವುದಿಲ್ಲ. ಆ ಅರವತ್ತು ಕಾರುಗಳ ಹಿಂದೆ ಸಿಕ್ಕಿಕೊಂಡ ಬಸ್ಸೂ ಅಲ್ಲೇ ನಿಂತು ಅನಿಲ ಉರಿಸುತ್ತದೆ. ಶುದ್ಧ ಇಂಧನವೆಂಬುದು ಸಿಲಿಂಡರಿನೊಳಗಿನ ಗುಣವಷ್ಟೇ ಅಲ್ಲ. ಆ ಸಿಲಿಂಡರನ್ನು ಎಷ್ಟು ಜನ ಹಂಚಿಕೊಂಡರು ಎಂಬ ಭಾಗಾಕಾರವೂ ಹೌದು. 2002ರಲ್ಲಿ ದಿಲ್ಲಿ ಮೇಲಿನ ಅಂಕಿಯನ್ನು ತಿದ್ದಿತು. ಕೆಳಗಿನ ಅಂಕಿಯನ್ನು ತಿದ್ದಲಿಲ್ಲ.

ಇಷ್ಟರಿಂದ ಕಾರಿಟ್ಟವರೆಲ್ಲ ಪಾಪಿಗಳೆಂದು ನಾವು ಹೇಳುತ್ತಿಲ್ಲ. ರಾತ್ರಿಪಾಳಿಯವರಿಗೆ, ಬಸ್ಸು ಮುಟ್ಟದ ಬಡಾವಣೆಗಳಲ್ಲಿ ಮನೆ ಮಾಡಿದವರಿಗೆ ಬೇರೆ ದಾರಿಯಿಲ್ಲ. ನಾಳೆ ಅಪ್ಪನವರ ಉಬ್ಬಸ ಹೆಚ್ಚಿದರೆ ನಾವೂ ಕೊಂಡೇವು. ನಮ್ಮ ಮಾತು ಇಷ್ಟೆ: ಈಗ ಹಳೆಯ ಸಿ.ಎನ್.ಜಿ. ಬಸ್ಸುಗಳು ಆಯುಸ್ಸು ತೀರಿ ಒಂದೊಂದಾಗಿ ನಿವೃತ್ತಿಯಾಗುತ್ತಿವೆ. ಅವುಗಳ ಜಾಗಕ್ಕೆ ವಿದ್ಯುತ್ತಿನ ಬಸ್ಸುಗಳು ಬರುತ್ತಿವೆ. ದಿಲ್ಲಿ ಸಾರಿಗೆ ನಿಗಮದ ಮೊದಲನೆಯದು 2022ರ ಜನವರಿಯಲ್ಲಿ ಬೀದಿಗಿಳಿಯಿತು. ಅವು ಹೊಗೆಯನ್ನೂ ಬಿಡುವುದಿಲ್ಲ, ಸದ್ದನ್ನೂ ಮಾಡುವುದಿಲ್ಲ, ಬಹಳ ಸಂತೋಷ. ಆದರೆ ಈ ಸಲವೂ ಬಸ್ಸಿನ ಹೊಟ್ಟೆಯಲ್ಲಿ ಏನಿದೆ ಎಂದಷ್ಟೇ ನೋಡಿ ಚಪ್ಪಾಳೆ ತಟ್ಟಿದರೆ ಸಾಲದು. ಎಷ್ಟು ಬಸ್ಸು, ಎಷ್ಟು ನಿಮಿಷಕ್ಕೊಂದು ಎಂದು ಕೇಳುವ ಅಭ್ಯಾಸವೂ ನಮಗೆ ಬರಬೇಕು. ಅನಿಲಕ್ಕಾಗಿ ಬಿಸಿಲಲ್ಲಿ ನಡೆದವರೂ ಸಾಲಿನಲ್ಲಿ ಮಲಗಿದವರೂ ತಮ್ಮ ಪಾಳಿ ಮುಗಿಸಿದ್ದಾರೆ. ಇದು ನಮ್ಮ ಪಾಳಿ.

ದೊಡ್ಡ ದೊಡ್ಡ ಮಾತು ಆಡಿದ ಮೇಲೆ ಒಂದು ಚಿಕ್ಕ ಬಿನ್ನಹ. ನಮ್ಮ ಸಂಘದ ಕಾರ್ಯಕ್ರಮಗಳು ರಾತ್ರಿ ಹತ್ತಕ್ಕೆ ಮುಗಿಯುತ್ತವೆ. ಆ ಹೊತ್ತಿಗೆ ನಮ್ಮ ಕಡೆಯ ಬಸ್ಸು ಹೊರಟುಹೋಗಿರುತ್ತದೆ. ಅದಕ್ಕಾಗಿಯೇ ನಮ್ಮ ಬಡಾವಣೆಯ ಆರು ಕುಟುಂಬಗಳು ನಾಟಕದ ಕೊನೆಯ ಅಂಕವನ್ನು ಬಿಟ್ಟು ಎದ್ದು ಬರುತ್ತವೆ, ಇಲ್ಲವೆ ಮೂರು ಆಟೋ ಹಿಡಿಯುತ್ತವೆ. ಕಾರ್ಯಕಾರಿ ಸಮಿತಿಯವರು ಮನಸ್ಸು ಮಾಡಿ ಒಂಬತ್ತಕ್ಕೆ ಮಂಗಳ ಹಾಡಿಸಿದರೆ ಎಲ್ಲರೂ ಒಂದೇ ಬಸ್ಸಿನಲ್ಲಿ, ಕನ್ನಡ ಮಾತಾಡಿಕೊಂಡು ಮನೆ ಸೇರಬಹುದು. ಅದಕ್ಕಾಗಿ ನಾಟಕದಲ್ಲಿ ಒಂದು ದೃಶ್ಯವನ್ನೂ ಕಡಮೆ ಮಾಡಬೇಕಾಗಿಲ್ಲ. ಅಧ್ಯಕ್ಷರ ಭಾಷಣವೂ ಮುಖ್ಯ ಅತಿಥಿಗಳ ಭಾಷಣವೂ ತಲಾ ಅರ್ಧ ತಾಸು ಕಡಮೆಯಾದರೆ ಸಾಕು.